ಹತ್ತು ಇಂಚಿನ ಹಳೇ ನೆಟ್‌ಬುಕ್: ಅಪ್ಪನಿಗೆ ಕನ್ನಡ ಬರೆಯಲು ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕಲಿ?

ಮಳೆಕಾಡು, ನವೆಂಬರ್ 15, 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ಮನೆಯಲ್ಲಿ 2010ರಲ್ಲಿ ತಗೊಂಡ ಒಂದು ನೆಟ್‌ಬುಕ್ ಇದೆ. ಹತ್ತು ಇಂಚಿನ ಪರದೆ, 1024×600. ಇಂಟೆಲ್ ಆಟಮ್ ಎನ್450 ಪ್ರೊಸೆಸರ್, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಕೊಂಡಾಗ ವಿಂಡೋಸ್ 7 ಸ್ಟಾರ್ಟರ್ ಇತ್ತು. ಐದಾರು ವರ್ಷದಿಂದ ಬೀರುವಿನಲ್ಲೇ ಇತ್ತು. ಮೊನ್ನೆ ತೆಗೆದು ಚಾರ್ಜಿಗೆ ಹಾಕಿದೆ, ಹೊತ್ತಿಕೊಂಡಿತು. ಆದರೆ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡ್ತಿದೆ.

ಇದು ಅಪ್ಪನಿಗೆ ಬೇಕು. ಅವರು ತೀರ್ಥಹಳ್ಳಿ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ನಿವೃತ್ತಿ ಆದ ಮೇಲೆ ಅಡಕೆ ತೋಟದ ಕೆಲಸದ ಮಾತುಗಳನ್ನೆಲ್ಲ ಬರೆದಿಡುತ್ತಿದ್ದಾರೆ. ಕೊನೆಗಾರ, ದೋಟಿ, ಹಾಳೆ, ಸೋಗೆ, ಚೊಗರು, ಹೀಗೆ. ಮೂರು ನೋಟ್‌ಬುಕ್ ತುಂಬಿವೆ. ಈಗ ಅದನ್ನು ಟೈಪ್ ಮಾಡಬೇಕು ಅಂತಿದ್ದಾರೆ. ಶಾಲೆಯ ಆಫೀಸಿನಲ್ಲಿ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇದೆ, ಬೆರಳಿಗೆ ಆ ಕೀಲಿಗಳೇ ಗೊತ್ತು. ಫೋನಿನಲ್ಲಿ ಬರೆಯಿರಿ ಅಂದರೆ ಕಣ್ಣು ನೋವು ಅಂತಾರೆ. ದೊಡ್ಡ ಲ್ಯಾಪ್‌ಟಾಪ್ ಬೇಡವಂತೆ. ಜಗುಲಿಯಲ್ಲಿ ಈಸಿ ಚೇರ್ ಮೇಲೆ ಕೂತು ತೊಡೆ ಮೇಲೆ ಇಟ್ಟುಕೊಳ್ಳಲು ಇದೇ ಸರಿ ಅಂತ ಅವರೇ ಹೇಳಿದರು. ಇನ್ನೊಂದು ವಿಷಯ, ಮಳೆಗಾಲದಲ್ಲಿ ನಮ್ಮಲ್ಲಿ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಇದರ ಅಡಾಪ್ಟರ್ 40 ವಾಟ್ ಅಷ್ಟೇ. ಸಣ್ಣ ಇನ್ವರ್ಟರ್‌ನಲ್ಲೂ ಆರಾಮಾಗಿ ನಡೆಯುತ್ತೆ.

ಬೇಕಾಗಿರುವುದು ಮೂರೇ. ಕನ್ನಡ ಸರಿಯಾಗಿ ಕಾಣಬೇಕು. ನುಡಿಯ ಥರವೇ ಟೈಪ್ ಆಗಬೇಕು. ಬರೆದಿದ್ದನ್ನು ಮೇಲ್ ಮಾಡಲು ಬರಬೇಕು. ನಾನು ಬೇರೆ ಬೇರೆ ಓಎಸ್ ಒಂದೊಂದೇ ಹಾಕಿ ನೋಡಲು ತಯಾರಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಬೆಸುಗೆ, ನವೆಂಬರ್ 15

ಓಎಸ್ ಆಮೇಲೆ. ಮೊದಲು ಡಿಸ್ಕ್ ಬದಲಾಯಿಸಿ. ಟಿಕ್ ಟಿಕ್ ಅನ್ನುವ ಡಿಸ್ಕ್ ಯಾವತ್ತು ಬೇಕಾದರೂ ಹೋಗುತ್ತೆ. ಅದರಲ್ಲಿ ಅಪ್ಪನ ಹಳೇ ಫೈಲ್ ಇದ್ದರೆ ಇವತ್ತೇ ಕಾಪಿ ಮಾಡಿಕೊಳ್ಳಿ, ನಾಳೆ ಅನ್ನಬೇಡಿ.

ನಾನು ಬೆಂಗಳೂರಿನಲ್ಲಿ ರಿಪೇರಿ ಕೆಲಸ ಮಾಡುವವನು. ಇಂಥ ನೆಟ್‌ಬುಕ್ ಬಹಳ ನೋಡಿದ್ದೇನೆ. ಎನ್450ಗೆ 2 ಜಿಬಿಗಿಂತ ಜಾಸ್ತಿ ರ‍್ಯಾಮ್ ಹಿಡಿಯಲ್ಲ. ಸಾಮಾನ್ಯವಾಗಿ ಒಂದೇ ಸ್ಲಾಟ್ ಇರುತ್ತೆ. ಹಳೇದು ತೆಗೆದು 2 ಜಿಬಿಯ ಒಂದೇ ಕಡ್ಡಿ ಹಾಕಬೇಕು. ನಿಮ್ಮದು ಡಿಡಿಆರ್2 ಇರಬಹುದು, ಹಳೇ ಕಡ್ಡಿಯ ಮೇಲಿನ ಚೀಟಿ ನೋಡಿಕೊಂಡೇ ತಗೊಳ್ಳಿ. ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಡಿಸ್ಕ್ ಜಾಗಕ್ಕೆ ಇರುವುದರಲ್ಲೇ ಸಣ್ಣ ಸಾಟಾ ಎಸ್‌ಎಸ್‌ಡಿ ಸಾಕು.

ಇನ್ನೊಂದು ಮುಖ್ಯ ವಿಷಯ. ಎನ್450 ಪ್ರೊಸೆಸರ್ 64 ಬಿಟ್. ಸಣ್ಣ ಲ್ಯಾಪ್‌ಟಾಪ್ ಅಂತ ಜನ ಸುಮ್ನೆ 32 ಬಿಟ್ ಓಎಸ್ ಹಾಕಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಅದಕ್ಕಿಂತ ಹಿಂದಿನ ಎನ್270 ಇದ್ದರೆ 32 ಬಿಟ್ ಬಿಟ್ಟು ಬೇರೆ ದಾರಿ ಇಲ್ಲ.

ಸಂತೆಪೇಟೆ, ನವೆಂಬರ್ 15

ನನ್ನ ಅಭಿಪ್ರಾಯ ಬೇರೆ. ನಿಮ್ಮ ಅಪ್ಪನಿಗೆ ನುಡಿ ಗೊತ್ತು, ವಿಂಡೋಸ್ ಗೊತ್ತು. ಅದೇ ವಿಂಡೋಸ್ 7 ಹೊಸ ಎಸ್‌ಎಸ್‌ಡಿಗೆ ಹಾಕಿ, ನುಡಿ ಹಾಕಿ, ಇಂಟರ್‌ನೆಟ್ ಕೊಡಬೇಡಿ. ಬರೆದಿದ್ದನ್ನು ಪೆನ್ ಡ್ರೈವ್‌ನಲ್ಲಿ ತಗೊಂಡು ನಿಮ್ಮ ಕಂಪ್ಯೂಟರ್‌ನಿಂದ ಮೇಲ್ ಮಾಡಿ. ವಯಸ್ಸಾದವರಿಗೆ ಹೊಸ ಮೆನು, ಹೊಸ ಬಟನ್ ಕಲಿಸುವುದು ಬಹಳ ಕಷ್ಟ ಅಲ್ವಾ? ಓಎಸ್ ಬದಲಾಯಿಸುವ ಆಸೆ ನಮ್ಮದಾಗಿರುತ್ತೆ, ಅವರದ್ದಲ್ಲ.

ಹಳೇಪೆಟ್ಟಿಗೆ, ನವೆಂಬರ್ 15

ಸಂತೆಪೇಟೆಯವರ ಮಾತಿನಲ್ಲಿ ಅರ್ಥ ಇದೆ. ಆದರೆ ಮಗ ಬೇರೆ ಊರಿನಲ್ಲಿದ್ದರೆ ಪೆನ್ ಡ್ರೈವ್ ದಾರಿ ನಡೆಯಲ್ಲ. ವಿಂಡೋಸ್ 7ಗೆ ಮೈಕ್ರೋಸಾಫ್ಟ್ ಅಪ್‌ಡೇಟ್ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ರದ್ದು ಈಗ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಈ ನೆಟ್‌ಬುಕ್‌ಗೆ ಅದರ ಮಾತೇ ಬೇಡ. ಕ್ರೋಮ್‌ಓಎಸ್ ಫ್ಲೆಕ್ಸ್ ಅಂತ ಯಾರಾದರೂ ಹೇಳುವ ಮೊದಲೇ ಹೇಳ್ತೀನಿ, ಅದಕ್ಕೂ 4 ಜಿಬಿ ಬೇಕು.

ಬೇರೆ ಬೇರೆ ನೋಡುವ ಮನಸ್ಸಿದ್ದರೆ ಮೊದಲು ಒಂದು ಪೆನ್ ಡ್ರೈವ್‌ಗೆ ವೆಂಟಾಯ್ ಅನ್ನುವ ತಂತ್ರಾಂಶ ಹಾಕಿ. ಆಮೇಲೆ ಓಎಸ್‌ಗಳ ಐಎಸ್‌ಒ ಫೈಲ್‌ಗಳನ್ನು ಅದರೊಳಗೆ ಸುಮ್ನೆ ಕಾಪಿ ಮಾಡಿದರೆ ಆಯ್ತು. ಬೂಟ್ ಆಗುವಾಗ ಪಟ್ಟಿ ಬರುತ್ತೆ, ಬೇಕಾದ್ದನ್ನು ಆರಿಸಿ. ಪ್ರತಿ ಸಲ ಪೆನ್ ಡ್ರೈವ್ ಅಳಿಸಿ ಬರೆಯುವ ಕಷ್ಟ ಇಲ್ಲ.

ನೋಡಬೇಕಾದವು: ಪಪ್ಪಿ ಲಿನಕ್ಸ್, ಆ್ಯಂಟಿಎಕ್ಸ್, ಡೆಬಿಯನ್, ಮೂರೂ ಲಿನಕ್ಸ್‌ನ ಬಗೆಗಳೇ. ಮನಸ್ಸು ತಣಿಯಲು ಹೈಕು ಮತ್ತು ಕೋಲಿಬ್ರಿ. ಹೈಕು ಅಂದರೆ 90ರ ದಶಕದ ಬಿಓಎಸ್ ಅನ್ನು ಪ್ರೀತಿಯಿಂದ ಮತ್ತೆ ಕಟ್ಟುತ್ತಿರುವ ಯೋಜನೆ. 2001ರಿಂದ ನಡೆಯುತ್ತಿದೆ. ಕೋಲಿಬ್ರಿ ಪೂರ್ತಿ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದು. ಒಂದು 1.44 ಎಂಬಿ ಫ್ಲಾಪಿಯಲ್ಲಿ ಕೂರುತ್ತೆ. ಡೆಸ್ಕ್‌ಟಾಪ್, ಆಟ, ಎಡಿಟರ್ ಎಲ್ಲ ಸೇರಿ!

ಕರಿಹಲಗೆ, ನವೆಂಬರ್ 16

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಹಳೇ ವಿದ್ಯಾರ್ಥಿಯೊಬ್ಬರು ಕೊಟ್ಟ ಆರು ನೆಟ್‌ಬುಕ್ ನಮ್ಮಲ್ಲಿವೆ. ಎಲ್ಲ ಎನ್270, ಅಂದರೆ 32 ಬಿಟ್. ಡೆಬಿಯನ್ 12 ಹಾಕಿದ್ದೇವೆ. ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ ಅಂತ ಓದಿ ಚಿಂತೆ ಆಗಿದೆ. ಫೈರ್‌ಫಾಕ್ಸ್ ಕೂಡ 32 ಬಿಟ್ ಲಿನಕ್ಸ್‌ಗೆ ಬರುವುದು 144ನೇ ಆವೃತ್ತಿಗೇ ಕೊನೆಯಂತೆ. ಮಕ್ಕಳು ಇದರಲ್ಲೇ ಕನ್ನಡ ಟೈಪಿಂಗ್ ಕಲಿಯುತ್ತಿದ್ದಾರೆ. ಏನು ಮಾಡಲಿ ಅಂತ ಗೊತ್ತಾದರೆ ಹೇಳಿ.

ಮಳೆಕಾಡು ಅವರಿಗೆ ಒಂದು ಸಲಹೆ. ಯಾವ ಓಎಸ್ ಹಾಕಿದರೂ ಮೊದಲು "ಸ್ವಾತಂತ್ರ್ಯ" ಅಂತ ಟೈಪ್ ಮಾಡಿ ನೋಡಿ. ತ-ಕ್ಕೆ ರ-ವತ್ತು, ಅದರ ಕೆಳಗೆ ಯ-ವತ್ತು ಸರಿಯಾಗಿ ಕೂತರೆ ಮುಂದುವರಿಯಿರಿ. ಕೂರದಿದ್ದರೆ ಮಿಕ್ಕಿದ್ದು ಎಷ್ಟು ಚೆಂದ ಇದ್ದರೂ ಅಪ್ಪನಿಗೆ ಉಪಯೋಗ ಇಲ್ಲ.

ಹಳೇಪೆಟ್ಟಿಗೆ, ನವೆಂಬರ್ 16

ಮೇಡಂ, ಈಗಲೇ ಏನೂ ಬದಲಾಯಿಸಬೇಡಿ. ಡೆಬಿಯನ್ 12ಕ್ಕೆ ಭದ್ರತೆಯ ಅಪ್‌ಡೇಟ್ ಬರುತ್ತಿದೆ. ಫೈರ್‌ಫಾಕ್ಸ್‌ನ ಇಎಸ್‌ಆರ್ (ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಬಗೆ) 140 ಆವೃತ್ತಿಗೆ 32 ಬಿಟ್‌ನಲ್ಲೂ 2026ರ ಸೆಪ್ಟೆಂಬರ್‌ವರೆಗಾದರೂ ಅಪ್‌ಡೇಟ್ ಕೊಡ್ತೀವಿ ಅಂತ ಮೊಜಿಲ್ಲಾ ಹೇಳಿದೆ. ಡೆಬಿಯನ್‌ನಲ್ಲಿ ಇರುವುದೂ ಇಎಸ್‌ಆರ್. ಮಕ್ಕಳು ಟೈಪಿಂಗ್ ಮಾತ್ರ ಕಲಿಯುವುದಾದರೆ ಬ್ರೌಸರ್ ಇಲ್ಲದೆಯೂ ಅವು ವರ್ಷಗಟ್ಟಲೆ ನಡೆಯುತ್ತವೆ. ನಾನು ನನ್ನ ಎನ್270 ನೆಟ್‌ಬುಕ್‌ನಲ್ಲಿ ಓಪನ್‌ಬಿಎಸ್‌ಡಿ ಅನ್ನುವ ಬೇರೆ ಓಎಸ್ ಇಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತಪ್ಪದೆ ಬರುತ್ತೆ, 32 ಬಿಟ್ ಇನ್ನೂ ಬಿಟ್ಟಿಲ್ಲ. ಆದರೆ ಅದು ಶಾಲೆಗೆ ಬೇಡ, ಕಲಿಯಲು ಬಹಳ ಸಮಯ ಬೇಕು.

ಮಳೆಕಾಡು, ನವೆಂಬರ್ 23

ಎಲ್ಲರಿಗೂ ಧನ್ಯವಾದ. ರ‍್ಯಾಮ್, ಎಸ್‌ಎಸ್‌ಡಿ ಎರಡೂ ಹಾಕಿದೆ. ಹಳೇ ಡಿಸ್ಕಿನಿಂದ ಅಪ್ಪನ ಫೈಲ್‌ಗಳು ಪೂರ್ತಿ ಸಿಕ್ಕವು, ಬೆಸುಗೆ ಸರ್, ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯ್ತು. ಮೂರನೇ ದಿನ ಆ ಡಿಸ್ಕ್ ಏಳಲೇ ಇಲ್ಲ.

ಶನಿವಾರ ರಾತ್ರಿ ಮೊದಲು ಪಪ್ಪಿ. ಡೆಬಿಯನ್ 12ರ ಮೇಲೆ ಕಟ್ಟಿದ ಬುಕ್‌ವರ್ಮ್‌ಪಪ್, 64 ಬಿಟ್. ಬೂಟ್ ಆದ ಮೇಲೆ ಎಲ್ಲ ರ‍್ಯಾಮ್‌ನಲ್ಲೇ ಓಡುತ್ತೆ ಅಂತ ಓದಿದ್ದೆ, ಕಣ್ಣಾರೆ ನೋಡಿದಾಗ ಖುಷಿ ಆಯ್ತು. ಮೆನು ಒತ್ತಿದರೆ ತಡ ಇಲ್ಲ, ಕಿಟಕಿ ಫಟ್ ಅಂತ ತೆರೆಯುತ್ತೆ. ಹದಿನೈದು ವರ್ಷದ ಯಂತ್ರ ಅಂತ ಅನಿಸಲೇ ಇಲ್ಲ. ಮುಚ್ಚುವಾಗ, ಮಾಡಿದ್ದನ್ನು ಒಂದು ಫೈಲಿನಲ್ಲಿ ಉಳಿಸಲಾ ಅಂತ ಕೇಳುತ್ತೆ. ಕನ್ನಡ ಮೊದಲು ಬರೀ ಚೌಕ ಚೌಕವಾಗಿ ಕಂಡಿತು. ನೋಟೋ ಸಾನ್ಸ್ ಕನ್ನಡ ಫಾಂಟ್ ತಂದು ಫಾಂಟ್ ಫೋಲ್ಡರ್‌ಗೆ ಹಾಕಿದೆ, ಸರಿ ಹೋಯ್ತು. "ಸ್ವಾತಂತ್ರ್ಯ" ಪಾಸ್! ಆದರೆ ಆ ಉಳಿಸುವ ಫೈಲ್ ವಿಷಯ ನನಗೆ ಭಯ ಆಯ್ತು. ಅಪ್ಪ ಮರೆತು ಬೇಡ ಅಂತ ಒತ್ತಿದರೆ ಒಂದು ದಿನದ ಬರವಣಿಗೆ ಹೋಗಬಹುದು.

ಆಮೇಲೆ ಆ್ಯಂಟಿಎಕ್ಸ್. ಇದು ಇನ್ನೂ ಹಗುರ. ಡೆಸ್ಕ್‌ಟಾಪ್ ಬಂದು ನಿಂತಾಗ ಸುಮಾರು 200 ಎಂಬಿ ರ‍್ಯಾಮ್ ಅಷ್ಟೇ ಬಳಸಿತ್ತು. ಕನ್ನಡ ಚೆನ್ನಾಗಿದೆ.

ಆದರೆ ಎರಡರಲ್ಲೂ ಒಂದೇ ತೊಂದರೆ. ಬ್ರೌಸರ್‌ನಲ್ಲಿ ಯಾವ ತಾಣಕ್ಕೆ ಹೋದರೂ "ಈ ಸಂಪರ್ಕ ಸುರಕ್ಷಿತ ಅಲ್ಲ" ಅಂತ ಎಚ್ಚರಿಕೆ. ಮೇಲ್ ತೆರೆಯಲ್ಲ, ವಿಕಿಪೀಡಿಯ ತೆರೆಯಲ್ಲ. ವೈ-ಫೈ ಸರಿ ಇದೆ, ಫೋನಿನಲ್ಲಿ ಎಲ್ಲ ಬರ್ತಿದೆ. ಪೆನ್ ಡ್ರೈವ್‌ನಿಂದಲೇ ಓಡುವ ಡೆಬಿಯನ್ ಲೈವ್ ಹಾಕಿದೆ. ಅದರಲ್ಲಿ ಮೊದಲ ಒಂದು ನಿಮಿಷ ಇದೇ ಕಥೆ, ಆಮೇಲೆ ತಾನಾಗೇ ಸರಿ ಆಯ್ತು! ರಾತ್ರಿ ಎರಡು ಗಂಟೆವರೆಗೆ ತಲೆ ಕೆಡಿಸಿಕೊಂಡೆ. ಪ್ರೊಸೆಸರ್ ಹಳೇದಾಗಿದ್ದಕ್ಕೆ ಹೀಗಾ?

ಸಂತೆಪೇಟೆ, ನವೆಂಬರ್ 23

ಬ್ರೌಸರ್ ಹಳೇದಿರಬಹುದು. ಅಪ್‌ಡೇಟ್ ಮಾಡಿ ನೋಡಿ.

ಬೆಸುಗೆ, ನವೆಂಬರ್ 23

ಬ್ರೌಸರ್ ಅಲ್ಲ. ಪರದೆಯ ಮೂಲೆಯಲ್ಲಿ ತಾರೀಕು ಎಷ್ಟಿದೆ ನೋಡಿ.

ಮಳೆಕಾಡು, ನವೆಂಬರ್ 23

ಜನವರಿ 1, 2010!

ಬೆಸುಗೆ, ನವೆಂಬರ್ 23

ಅಷ್ಟೇ ವಿಷಯ. ಮದರ್‌ಬೋರ್ಡ್ ಮೇಲೆ ಒಂದು ಬಿಲ್ಲೆ ಸೆಲ್ ಇರುತ್ತೆ, ಯಂತ್ರ ಆರಿಸಿದ್ದಾಗಲೂ ಗಡಿಯಾರ ನಡೆಸುವುದು ಅದೇ. ಬೀರುವಿನಲ್ಲಿ ಐದು ವರ್ಷ ಇದ್ದು ಅದು ಸತ್ತಿದೆ. ಪ್ರತಿ ತಾಣದ ಭದ್ರತಾ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ನಿಮ್ಮ ನೆಟ್‌ಬುಕ್ ಲೆಕ್ಕದಲ್ಲಿ ಇವತ್ತು 2010. ಆ ಪತ್ರ ಶುರುವಾಗುವ ದಿನ ಇನ್ನೂ ಬಂದೇ ಇಲ್ಲ. ಅದಕ್ಕೆ ಬ್ರೌಸರ್ ನಂಬಲ್ಲ.

ಡೆಬಿಯನ್‌ನಲ್ಲಿ ಯಾಕೆ ಸರಿ ಹೋಯ್ತು ಅಂದರೆ, ನೆಟ್ ಸಿಕ್ಕ ಕೂಡಲೇ ಅದು ತಾನೇ ಸಮಯ ಕೇಳಿ ತಿದ್ದಿಕೊಂಡಿದೆ. ಮಿಕ್ಕ ಎರಡರಲ್ಲಿ ಆ ಕೆಲಸ ತಾನಾಗಿ ಆಗಿಲ್ಲ. ಕೈಯಲ್ಲಿ ತಾರೀಕು ಸರಿ ಮಾಡಿ ನೋಡಿ, ಎಲ್ಲ ತೆರೆಯುತ್ತೆ.

ಸೆಲ್ ಬದಲಾಯಿಸುವುದಾದರೆ ಸಿಆರ್2032 ಇರಬಹುದು. ಕೆಲವು ನೆಟ್‌ಬುಕ್‌ಗಳಲ್ಲಿ ಸೆಲ್‌ಗೆ ವೈರ್ ಬೆಸೆದು ಪ್ಲಾಸ್ಟಿಕ್ ಸುತ್ತಿರುತ್ತಾರೆ. ಹಾಗಿದ್ದರೆ ಬರೀ ಬಿಲ್ಲೆ ತಂದರೆ ಆಗಲ್ಲ, ವೈರ್ ಸಮೇತ ಬೇಕು. ಕೀಬೋರ್ಡ್ ಕೆಳಗಿನ ರಿಬ್ಬನ್ ಎಳೆಯಬೇಡಿ. ಅದರ ಕಪ್ಪು ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಸಡಿಲ ಮಾಡಿ ಆಮೇಲೆ ತೆಗೆಯಿರಿ.

ಕಡಲತೀರ, ನವೆಂಬರ್ 24

ಈ ಚರ್ಚೆ ಓದಿ ನಾನೂ ನನ್ನದನ್ನು ಹೊರಗೆ ತೆಗೆದೆ. ಮಂಗಳೂರಿನಿಂದ. ನನ್ನದು 11.6 ಇಂಚಿನದು, ಆಟಮ್ ಝಡ್3735ಎಫ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ. ಪ್ರೊಸೆಸರ್ 64 ಬಿಟ್ ಅಂತಲೇ ಇದೆ. ಆದರೆ 64 ಬಿಟ್ ಲಿನಕ್ಸ್ ಪೆನ್ ಡ್ರೈವ್ ಹಾಕಿದರೆ ಬೂಟ್ ಪಟ್ಟಿಯಲ್ಲಿ ಪೆನ್ ಡ್ರೈವೇ ಕಾಣಲ್ಲ. ನಾಲ್ಕು ಪೆನ್ ಡ್ರೈವ್ ಬದಲಾಯಿಸಿದೆ. ಪೋರ್ಟ್ ಹಾಳಾಗಿದೆಯಾ?

ಹಳೇಪೆಟ್ಟಿಗೆ, ನವೆಂಬರ್ 24

ಪೋರ್ಟ್ ಸರಿಯಾಗೇ ಇದೆ ಅಕ್ಕ. 2014–15ರ ಸುಮಾರಿನ ಈ ಬಗೆಯ ಲ್ಯಾಪ್‌ಟಾಪ್‌ಗಳಲ್ಲಿ ಒಂದು ವಿಚಿತ್ರ ಇದೆ. ಪ್ರೊಸೆಸರ್ 64 ಬಿಟ್, ಅದನ್ನು ಎಬ್ಬಿಸುವ ಯುಇಎಫ್‌ಐ ಮಾತ್ರ 32 ಬಿಟ್. ಆಗ 2 ಜಿಬಿ ರ‍್ಯಾಮ್ ಇದ್ದ ಇವುಗಳಿಗೆ 32 ಬಿಟ್ ವಿಂಡೋಸ್ ಹಾಕಿ ಮಾರುತ್ತಿದ್ದರು, ಅದಕ್ಕೆ ಹಾಗೆ. ಪೆನ್ ಡ್ರೈವ್‌ನಲ್ಲಿ ಇಎಫ್‌ಐ ಅನ್ನುವ ಫೋಲ್ಡರ್, ಅದರೊಳಗೆ ಬೂಟ್ ಅನ್ನುವ ಫೋಲ್ಡರ್ ಇರುತ್ತೆ. ಅಲ್ಲಿ ಬೂಟ್‌ಎಕ್ಸ್64 ಮಾತ್ರ ಇದ್ದರೆ ನಿಮ್ಮ ಯಂತ್ರಕ್ಕೆ ಅದು ಕಾಣಲ್ಲ. ಬೂಟ್‌ಐಎ32 ಅನ್ನುವ ಫೈಲ್ ಕೂಡ ಬೇಕು. ಡೆಬಿಯನ್‌ನವರು ಈ ಕಷ್ಟವನ್ನು 2015ರ ಡೆಬಿಯನ್ 8ರಲ್ಲೇ ಬಗೆಹರಿಸಿದರು. ಆ ಫೈಲ್ ಇರುವ ಡೆಬಿಯನ್ ಇಮೇಜ್ ಹುಡುಕಿ ಹಾಕಿ.

ಕಡಲತೀರ, ನವೆಂಬರ್ 25

ಬೂಟ್ ಆಯ್ತು! ವೈ-ಫೈ ಇನ್ನೂ ಏಳಲಿಲ್ಲ, ಸದ್ಯಕ್ಕೆ ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ನೆಟ್ ಕೊಟ್ಟಿದ್ದೇನೆ. ಮೂರು ವರ್ಷದಿಂದ ಹಾಳಾಗಿದೆ ಅಂತ ಅಂದುಕೊಂಡಿದ್ದೆ.

ಮಳೆಕಾಡು, ನವೆಂಬರ್ 30

ಸೆಲ್ ಬದಲಾಯಿಸಿದೆ. ವೈರ್ ಇದ್ದ ಬಗೆಯೇ. ಹನ್ನೊಂದು ಸ್ಕ್ರೂ ಬಿಚ್ಚಬೇಕಾಯ್ತು. ಈಗ ತಾರೀಕು ನಿಲ್ಲುತ್ತಿದೆ.

ಈ ವಾರ ಹೈಕು ಮತ್ತು ಕೋಲಿಬ್ರಿ ನೋಡಿದೆ. ಅಪ್ಪನಿಗೆ ಅಂತಲ್ಲ, ನನಗೇ ಆಸೆ ಆಗಿತ್ತು.

ಕೋಲಿಬ್ರಿ ಬಗ್ಗೆ ಹೇಳುವುದು ಕಡಿಮೆ. ಕಣ್ಣು ಮಿಟುಕಿಸುವುದರಲ್ಲಿ ಬಂತು. ಕನ್ನಡ ಇಲ್ಲ. ಆಟ ಆಡಿ ಮುಚ್ಚಿದೆ.

ಹೈಕು ಮಾತ್ರ ಮನಸ್ಸಿಗೆ ಹಿಡಿಸಿತು. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಬೀಟಾ 5 ಹಾಕಿದೆ. ಶುರುವಾಗುವಾಗ ಚಿಕ್ಕ ಚಿತ್ರಗಳು ಸಾಲಾಗಿ ಒಂದೊಂದೇ ಬೆಳಗುತ್ತವೆ, ಕೊನೆಯದು ಬೆಳಗಿದ ಮೇಲೆ ಡೆಸ್ಕ್‌ಟಾಪ್. ಕಿಟಕಿಯ ಮೇಲಿನ ಪಟ್ಟಿ ಹಳದಿ, ಕಿಟಕಿಯ ಅಗಲ ಪೂರ್ತಿ ಇರುವುದಿಲ್ಲ. ನೋಟ್‌ಬುಕ್ಕಿನ ಬದಿಗೆ ಅಂಟಿಸಿದ ಚೀಟಿಯ ಥರ ಒಂದು ಮೂಲೆಯಲ್ಲಿ ಇರುತ್ತೆ. ಅದನ್ನು ಪಕ್ಕಕ್ಕೆ ಸರಿಸಿ ಎರಡು ಮೂರು ಕಿಟಕಿಗಳನ್ನು ಒಂದೇ ಕಟ್ಟಾಗಿ ಸೇರಿಸಬಹುದು. 600 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಇದು ಎಷ್ಟು ಅನುಕೂಲ ಅಂತ ಬಳಸಿದ ಮೇಲೇ ಗೊತ್ತಾಯ್ತು. ಒಂದು ಸಂಜೆ ಪೂರ್ತಿ ಅದರಲ್ಲೇ ಕಳೆದೆ.

ಆಮೇಲೆ ಕರಿಹಲಗೆ ಮೇಡಂ ಹೇಳಿದ ಪರೀಕ್ಷೆ. ಹೈಕುವಿನದೇ ಎಡಿಟರ್‌ನಲ್ಲಿ "ಸ್ವಾತಂತ್ರ್ಯ" ಪೇಸ್ಟ್ ಮಾಡಿದೆ. ಅಕ್ಷರ ಬಂತು. ಆದರೆ ಒತ್ತು ಕೆಳಗೆ ಕೂರಲಿಲ್ಲ. ಸ್ ಪಕ್ಕ ವ, ತ್ ಪಕ್ಕ ರ್, ಅದರ ಪಕ್ಕ ಯ, ಎಲ್ಲ ಒಂದೇ ಸಾಲಿನಲ್ಲಿ ಬಿಡಿಬಿಡಿಯಾಗಿ ನಿಂತವು. ಬಹಳ ಬೇಜಾರಾಯ್ತು. ಇಷ್ಟು ಚೆಂದದ ಓಎಸ್ ನಮ್ಮ ಅಕ್ಷರಕ್ಕೆ ಇನ್ನೂ ಬಾಗಿಲು ತೆರೆದಿಲ್ಲವಲ್ಲ ಅಂತ.

ಹಳೇಪೆಟ್ಟಿಗೆ, ನವೆಂಬರ್ 30

ಅದು ಫಾಂಟಿನ ತಪ್ಪಲ್ಲ. ಕನ್ನಡದಲ್ಲಿ ಒತ್ತಕ್ಷರ ಮೂಡಬೇಕಾದರೆ ಅಕ್ಷರಗಳನ್ನು ಜೋಡಿಸುವ ಒಂದು ಪದರ ಬೇಕು. ಲಿನಕ್ಸ್‌ನಲ್ಲಿ ಆ ಕೆಲಸ ಹಾರ್ಫ್‌ಬಜ್ ಮಾಡುತ್ತೆ. ಹೈಕುವಿನ ಸ್ವಂತ ಆ್ಯಪ್‌ಗಳಿಗೆ ಆ ಪದರ ಇನ್ನೂ ಬಂದಿಲ್ಲ. ಅದೇ ಹೈಕುವಿನಲ್ಲಿ ಕ್ಯೂಟಿ ಅನ್ನುವ ಟೂಲ್‌ಕಿಟ್ ಬಳಸಿ ಬರೆದ ಆ್ಯಪ್ ಹಾಕಿ ನೋಡಿ, ಅವು ತಮ್ಮ ಜೋಡಣೆಯನ್ನು ತಾವೇ ತಂದಿರುತ್ತವೆ. ಒತ್ತು ಸರಿಯಾಗಿ ಬರುತ್ತೆ. ಹೈಕು ಕಟ್ಟುತ್ತಿರುವವರು ಬೆರಳೆಣಿಕೆಯ ಜನ, ಹೆಚ್ಚಿನವರು ಬಿಡುವಿನಲ್ಲಿ ಮಾಡುವವರು. ಕನ್ನಡ ಗೊತ್ತಿರುವ ಪ್ರೋಗ್ರಾಮರ್ ಯಾರಾದರೂ ಕೈ ಹಾಕಿದರೆ ನಮಗೂ, ತಮಿಳು ತೆಲುಗಿಗೂ, ಹಿಂದಿಗೂ ಒಟ್ಟಿಗೇ ಉಪಯೋಗ ಆಗುತ್ತೆ.

ಮಳೆಕಾಡು, ಡಿಸೆಂಬರ್ 7

ಕೊನೆಗೆ ಡೆಬಿಯನ್ 13, 64 ಬಿಟ್, ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಹಾಕಿದೆ. ಆ್ಯಂಟಿಎಕ್ಸ್ ಇದಕ್ಕಿಂತ ಹಗುರ, ಅದು ನಿಜ. ಆದರೆ ಊರಲ್ಲಿ ನಾನು ಇರಲ್ಲ. ವೈ-ಫೈ, ಗಡಿಯಾರ, ಕೀಲಿಮಣೆ ಇವು ಮುಟ್ಟದೇ ನಡೆಯುವುದು ನನಗೆ ಜಾಸ್ತಿ ಮುಖ್ಯ.

ಯಾರಿಗಾದರೂ ಉಪಯೋಗ ಆಗಲಿ ಅಂತ ಮಾಡಿದ್ದನ್ನು ಬರೆಯುತ್ತೇನೆ. ಡೆಬಿಯನ್‌ನಲ್ಲಿ ಟಾಸ್ಕ್-ಕನ್ನಡ-ಡೆಸ್ಕ್‌ಟಾಪ್ ಅಂತ ಒಂದು ಪ್ಯಾಕೇಜೇ ಇದೆ. ಫಾಂಟ್‌ಗಳಿಗೆ ಗುಬ್ಬಿ, ನವಿಲು ಎರಡೂ ಹಾಕಿದೆ, ಅಪ್ಪನಿಗೆ ಗುಬ್ಬಿ ಇಷ್ಟ ಆಯ್ತು. ಕೀಲಿಮಣೆಗೆ ಬೇರೆ ತಂತ್ರಾಂಶವೇ ಬೇಡ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಭಾರತ ಅಂತ ಆರಿಸಿದರೆ ಅದರೊಳಗೆ "ಕನ್ನಡ ಕಗಪ" ಇದೆ, ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ನುಡಿಯದ್ದೇ. ಒತ್ತಿಗೆ ಎಫ್ ಕೀಲಿ. ಅಂದರೆ "ಅಕ್ಕ" ಬೇಕಾದರೆ ಎ, ಕೆ, ಎಫ್, ಕೆ. ಇಂಗ್ಲಿಷಿಗೂ ಕನ್ನಡಕ್ಕೂ ಬದಲಾಯಿಸಲು ಕ್ಯಾಪ್ಸ್ ಲಾಕ್ ಇಟ್ಟೆ.

ರ‍್ಯಾಮ್ ಸಾಲದೇ ಹೋಗದಿರಲಿ ಅಂತ ಝಡ್‌ರ‍್ಯಾಮ್ ಹಾಕಿದೆ. ಅದು ರ‍್ಯಾಮ್‌ನಲ್ಲಿ ಸುಮ್ಮನೆ ಕೂತಿರುವುದನ್ನು ಒತ್ತಿ ಚಿಕ್ಕದು ಮಾಡಿ ಜಾಗ ಬಿಡಿಸುತ್ತೆ. ಲಿಬ್ರೆ ಆಫೀಸ್, ಜೊತೆಗೆ ಬ್ರೌಸರ್‌ನಲ್ಲಿ ಎರಡು ಟ್ಯಾಬ್, ಇಷ್ಟಕ್ಕೆ ತೊಂದರೆ ಇಲ್ಲ. ಐದನೇ ಟ್ಯಾಬ್‌ಗೆ ಏದುಸಿರು ಬಿಡುತ್ತೆ. ಯೂಟ್ಯೂಬ್ 360ಪಿಯಲ್ಲಿ ನೋಡಬಹುದು, ಅದಕ್ಕಿಂತ ಮೇಲೆ ಬೇಡ. ಒಂದು ಮಾತು ನನಗೆ ಈ ತಿಂಗಳಲ್ಲಿ ಚೆನ್ನಾಗಿ ಮನವರಿಕೆ ಆಯ್ತು: ಓಎಸ್ ಯಾವುದಾದರೂ 200 ಎಂಬಿ ಹೆಚ್ಚೋ ಕಡಿಮೆಯೋ ಅಷ್ಟೇ, ಯಂತ್ರವನ್ನು ಮಲಗಿಸುವುದು ಬ್ರೌಸರ್.

ಇನ್ನೊಂದು. ಪರದೆ ಎತ್ತರ ಕಡಿಮೆ ಇರುವುದರಿಂದ ಕೆಲವು ಸೆಟ್ಟಿಂಗ್ ಕಿಟಕಿಗಳ "ಸರಿ" ಬಟನ್ ಪರದೆಯ ಕೆಳಗೆ ಹೋಗಿಬಿಡುತ್ತೆ. ಆಲ್ಟ್ ಕೀಲಿ ಒತ್ತಿ ಹಿಡಿದು, ಕಿಟಕಿಯ ಎಲ್ಲಿ ಬೇಕಾದರೂ ಮೌಸ್‌ನಲ್ಲಿ ಹಿಡಿದು ಮೇಲಕ್ಕೆ ಎಳೆಯಿರಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪನಿಗೆ ಅಂಗೈ ಇಡುವ ಜಾಗದಲ್ಲಿ ಅಂಟಿಸಿದ್ದೇನೆ.

ಶನಿವಾರ ಊರಿಗೆ ಹೋಗಿ ಕೊಟ್ಟೆ. ತೋಟದಲ್ಲಿ ಕೊನೆ ಕೊಯ್ಲು ನಡೀತಿತ್ತು. ಅಪ್ಪ ಕೈ ತೊಳೆದುಕೊಂಡು ಬಂದು, ಪಂಚೆಗೆ ಒರೆಸಿಕೊಂಡು ಕೂತರು. ಮೊದಲು ಬೆರಳನ್ನು ಕೀಲಿಗಳ ಮೇಲೆ ಸುಮ್ನೆ ಇಟ್ಟು ನೋಡಿದರು. ಆಮೇಲೆ ಪರದೆ ನೋಡದೇ "ಕೊನೆಗಾರ" ಅಂತ ಒತ್ತಿದರು. ಸರಿಯಾಗಿ ಬಂತು. "ನುಡಿಯೇ ಅಲ್ವೇನೋ ಇದು" ಅಂದರು.

ಒಂದು ಪ್ರಶ್ನೆ ಉಳಿದಿದೆ. ಅವರ ಹಳೇ ನುಡಿ ಫೈಲ್‌ಗಳನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ.

ಕರಿಹಲಗೆ, ಡಿಸೆಂಬರ್ 7

ಓದಿ ಬಹಳ ಸಂತೋಷ ಆಯ್ತು. ಆ ಫೈಲ್‌ಗಳು ಹಾಳಾಗಿಲ್ಲ. ಹಳೇ ನುಡಿಯಲ್ಲಿ ಅಕ್ಷರಗಳು ಆಸ್ಕಿ ರೂಪದಲ್ಲಿ ಉಳಿದಿರುತ್ತವೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹೀಗೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಅರವಿಂದ ವಿ.ಕೆ. ಅವರು ಮಾಡಿದ್ದು ಬ್ರೌಸರ್‌ನಲ್ಲೇ ನಡೆಯುತ್ತೆ, ನಮ್ಮ ಶಾಲೆಯ ಹಳೇ ಪ್ರಶ್ನೆಪತ್ರಿಕೆಗಳನ್ನೆಲ್ಲ ಅದರಲ್ಲೇ ಬದಲಾಯಿಸಿದೆವು. ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಲ್ಲಿ ಓದಿ, ಅಲ್ಲಲ್ಲಿ ತಿದ್ದಬೇಕಾಗಬಹುದು.

ಸಂತೆಪೇಟೆ, ಡಿಸೆಂಬರ್ 8

ವಯಸ್ಸಾದವರಿಗೆ ಹೊಸದು ಕಷ್ಟ ಅಂತ ನಾನು ಹೇಳಿದ್ದೆ. ಕೀಲಿಮಣೆ ಅದೇ ಇದ್ದರೆ ಮಿಕ್ಕಿದ್ದು ಅಷ್ಟು ಕಷ್ಟ ಅಲ್ಲ ಅಂತ ನಿಮ್ಮ ಬರಹದಿಂದ ಗೊತ್ತಾಯ್ತು. ನಮ್ಮ ಅತ್ತೆಯವರ ಲ್ಯಾಪ್‌ಟಾಪ್‌ಗೂ ಇದೇ ಪ್ರಯತ್ನ ಮಾಡ್ತೀನಿ. ಅವರದ್ದು ವಿಂಡೋಸ್ 10, ಮೊನ್ನೆ ತಾನೇ ಅಪ್‌ಡೇಟ್ ನಿಂತಿದೆ.

ಮಳೆಕಾಡು, ಡಿಸೆಂಬರ್ 14

ಅಪ್ಪ ಒಂದು ವಾರದಲ್ಲಿ 140 ಪದ ಟೈಪ್ ಮಾಡಿದ್ದಾರೆ. ಇವತ್ತು ಫೋನ್ ಮಾಡಿ ಕೇಳಿದರು: "ಇವನ್ನು ನಿಘಂಟಿನ ಥರ ಅಕಾರಾದಿಯಾಗಿ ಜೋಡಿಸಲು ಆಗುತ್ತಾ? ಇಲ್ಲಾ ನಾನೇ ಕೂತು ಮೇಲೆ ಕೆಳಗೆ ಮಾಡಬೇಕಾ?" ನನಗೆ ಗೊತ್ತಿಲ್ಲ. ಕನ್ನಡದ ಕ್ರಮ ಗೊತ್ತಾಗುತ್ತಾ ಅದಕ್ಕೆ?

ಕರಿಹಲಗೆ, ಡಿಸೆಂಬರ್ 14

ಗೊತ್ತಾಗುತ್ತೆ. ಪದಗಳನ್ನು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಒಂದು ಕಾಲಂನಲ್ಲಿ, ಅರ್ಥವನ್ನು ಪಕ್ಕದ ಕಾಲಂನಲ್ಲಿ ಇಡಿ. ಎರಡನ್ನೂ ಆರಿಸಿ ಡೇಟಾ ಮೆನುವಿನಲ್ಲಿ ಸಾರ್ಟ್‌ಗೆ ಹೋಗಿ. ಆಪ್ಶನ್ಸ್ ಅನ್ನುವಲ್ಲಿ ಭಾಷೆ ಕೇಳುತ್ತೆ, ಕನ್ನಡ ಆರಿಸಿ. ಅರ್ಥದ ಕಾಲಂ ಬಿಟ್ಟು ಬರೀ ಪದದ ಕಾಲಂ ಆರಿಸಬೇಡಿ, ಅರ್ಥ ಒಂದು ಕಡೆ ಪದ ಒಂದು ಕಡೆ ಆಗಿಬಿಡುತ್ತೆ. ಮೊದಲು ಒಂದು ಕಾಪಿ ಇಟ್ಟುಕೊಂಡು ಮಾಡಿ.

ಮಳೆಕಾಡು, ಡಿಸೆಂಬರ್ 14

ಫೋನಿನಲ್ಲೇ ಹೇಳಿಕೊಟ್ಟೆ, ಅವರೇ ಮಾಡಿದರು. ಜೋಡಿಸಿದ ಪಟ್ಟಿಯಿಂದ ಅಲ್ಲೊಂದು ಇಲ್ಲೊಂದು ಓದಿ ಹೇಳಿದರು: ಅಟ್ಟ, ಕೊನೆಗಾರ, ಚೊಗರು, ದೋಟಿ, ಸೋಗೆ, ಹಾಳೆ. "ದ-ದಲ್ಲಿ ಇನ್ನೂ ನಾಲ್ಕು ಪದ ಬಿಟ್ಟುಹೋಗಿದೆ, ಇಡು ಫೋನು" ಅಂದರು.